ಸ್ಟಾಪರ್ ಕಟ್ಟಿದ ತಂಡ: ಆ್ಯಶ್ಲಿ ವೆಸ್ಟ್‌ವುಡ್ ವೃತ್ತಿಜೀವನದ ಬಗ್ಗೆ ಒಂದು ಟಿಪ್ಪಣಿ

ಆ್ಯಶ್ಲಿ ವೆಸ್ಟ್‌ವುಡ್ ಎಂಬ ಹೆಸರಿನ ಇಬ್ಬರು ಇಂಗ್ಲಿಷ್ ಫುಟ್‌ಬಾಲ್ ಆಟಗಾರರಿದ್ದಾರೆ. ಇಬ್ಬರೂ ಕ್ರೂ ಅಲೆಕ್ಸಾಂಡ್ರಾ ಎಂಬ ಒಂದೇ ಕ್ಲಬ್ಬಿಗೆ ಆಡಿದವರು. ಕಿರಿಯರು 1990ರಲ್ಲಿ ಹುಟ್ಟಿದ ಮಿಡ್‌ಫೀಲ್ಡರ್. ಆಸ್ಟನ್ ವಿಲ್ಲಾ, ಬರ್ನ್ಲಿ ತಂಡಗಳಲ್ಲಿ ಹೆಸರು ಮಾಡಿ ಆಮೇಲೆ ಅಮೆರಿಕದ ಷಾರ್ಲಟ್ ಎಫ್‌ಸಿ ಸೇರಿದರು. ಹಿರಿಯರು 1976ರ ಆಗಸ್ಟ್ 31ರಂದು ಶ್ರಾಪ್‌ಶೈರ್‌ನ ಬ್ರಿಜ್‌ನಾರ್ತ್‌ನಲ್ಲಿ ಹುಟ್ಟಿದ ಡಿಫೆಂಡರ್. ಬೆಂಗಳೂರಿನವರಿಗೆ ಗೊತ್ತಿರುವುದು ಇವರೇ. 2013ರಿಂದ 2016ರವರೆಗೆ ಬೆಂಗಳೂರು ಫುಟ್‌ಬಾಲ್ ಕ್ಲಬ್‌ನ ಮೊದಲ ಕೋಚ್ ಆಗಿದ್ದು, ಮೂರು ಋತುಗಳಲ್ಲಿ ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ–ಲೀಗ್‌ನ ಎರಡು ಪ್ರಶಸ್ತಿ ಮತ್ತು ಒಂದು ಫೆಡರೇಷನ್ ಕಪ್ ಗೆದ್ದುಕೊಟ್ಟವರು. ಈ ಟಿಪ್ಪಣಿ ಹಿರಿಯ ವೆಸ್ಟ್‌ವುಡ್ ಅವರ ಕುರಿತದ್ದು. ಹೆಸರು, ಕ್ಲಬ್ ಎರಡೂ ಒಂದೇ ಆಗಿರುವುದರಿಂದ ಒಬ್ಬರ ಆಟ ಇನ್ನೊಬ್ಬರ ಲೆಕ್ಕಕ್ಕೆ ಸುಲಭವಾಗಿ ಸೇರಿಬಿಡುತ್ತದೆ. ಇಬ್ಬರಲ್ಲಿ ಯಾರ ಬಗ್ಗೆ ಬರೆಯುವವರೂ ಮೊದಲು ಹುಟ್ಟಿದ ವರ್ಷವನ್ನು ಸರಿನೋಡಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಆ ಯಶಸ್ಸಿಗೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಕ್ಲಬ್ಬಿನ ಮಾಲೀಕ ಜೆಎಸ್‌ಡಬ್ಲ್ಯು ಸಮೂಹ ಹಣ ಸುರಿಯಿತು, ಗೆದ್ದರು ಎಂಬುದು ಒಂದು. ಸ್ಟ್ರೈಕರ್ ಸುನಿಲ್ ಚೆಟ್ರಿ ಇದ್ದರು, ಗೆದ್ದರು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿದೆ. ಆದರೆ ಅದೇ ಕಾಲದಲ್ಲಿ ಗೋವಾ, ಕೋಲ್ಕತ್ತಾದ ಕ್ಲಬ್‌ಗಳು ಕೂಡ ಹಣ ಖರ್ಚು ಮಾಡಿದವು. ಬೆಂಗಳೂರಿಗೆ ಬರುವ ಮೊದಲು ಚೆಟ್ರಿ ಕೂಡ ಬೇರೆ ಬೇರೆ ತಂಡಗಳಲ್ಲಿ ಆಡಿದ್ದವರೇ. ಹಣ, ಆಟಗಾರ ಎರಡನ್ನೂ ಯಾವ ಜಾಗದಲ್ಲಿ ಇಟ್ಟರು ಎಂಬ ಪ್ರಶ್ನೆ ಬಾಕಿ ಉಳಿಯುತ್ತದೆ. ಅದಕ್ಕೆ ಉತ್ತರ ಹುಡುಕುವಾಗ ಕೋಚ್‌ ಆಟಗಾರನಾಗಿದ್ದ ದಿನಗಳನ್ನು ನೋಡಲೇಬೇಕು ಎಂಬುದು ನನ್ನ ವಾದ.

ವೆಸ್ಟ್‌ವುಡ್ ಬೆಳೆದದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ. 1995ರಲ್ಲಿ ಎಫ್‌ಎ ಯೂತ್ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಫಿಲ್ ನೆವಿಲ್ ಕೂಡ ಅದೇ ತಂಡದವರು. ನೆವಿಲ್ ಯುನೈಟೆಡ್‌ನ ಹಿರಿಯರ ತಂಡಕ್ಕೆ ಏರಿದರು, ವೆಸ್ಟ್‌ವುಡ್ ಏರಲಿಲ್ಲ. ಒಂದೂ ಹಿರಿಯರ ಪಂದ್ಯ ಆಡದೆ ಅದೇ ವರ್ಷ ಕ್ರೂಗೆ ಹೋದರು. ಹತ್ತೊಂಬತ್ತು ವರ್ಷ ತುಂಬುವ ಮೊದಲೇ ದೊಡ್ಡ ಕ್ಲಬ್ಬಿನ ಬಾಗಿಲು ಮುಚ್ಚಿತು ಎನ್ನಬಹುದು. ಆದರೂ ಆ ತರಬೇತಿ ವ್ಯರ್ಥವಾಗಲಿಲ್ಲ. ಕ್ರೂ ಆಗ ಹುಡುಗರನ್ನು ಬೆಳೆಸಿ ದೊಡ್ಡ ತಂಡಗಳಿಗೆ ಮಾರಿ ಬದುಕುತ್ತಿದ್ದ ಸಣ್ಣ ಕ್ಲಬ್. ವೆಸ್ಟ್‌ವುಡ್ ಅಲ್ಲಿದ್ದಾಗಲೇ, 1997ರಲ್ಲಿ, ಅದು ವೆಂಬ್ಲಿಯಲ್ಲಿ ನಡೆದ ಪ್ಲೇಆಫ್ ಫೈನಲ್‌ನಲ್ಲಿ ಬ್ರೆಂಟ್‌ಫರ್ಡ್ ತಂಡವನ್ನು ಸೋಲಿಸಿ ಎರಡನೇ ದರ್ಜೆಯ ಲೀಗ್‌ಗೆ ಬಡ್ತಿ ಪಡೆಯಿತು.

1998ರಲ್ಲಿ ಬ್ರಾಡ್‌ಫರ್ಡ್ ಸಿಟಿ ಸೇರಿದ್ದು ಅವರ ಆಟದ ಬದುಕಿನ ಮಹತ್ವದ ಘಟ್ಟ. ಪಾಲ್ ಜೂಯಲ್ ಅಲ್ಲಿ ಮ್ಯಾನೇಜರ್. ಮೊದಲ ಋತುವಿನಲ್ಲೇ ತಂಡ ಎರಡನೇ ಸ್ಥಾನ ಪಡೆದು ಪ್ರೀಮಿಯರ್ ಲೀಗ್‌ಗೆ ಏರಿತು. ಬ್ರಾಡ್‌ಫರ್ಡ್ ಅದಕ್ಕೂ ಹಿಂದೆ ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ ಆಡಿದ್ದು 1922ರಲ್ಲಿ. ಪ್ರೀಮಿಯರ್ ಲೀಗ್‌ನಲ್ಲಿ ವೆಸ್ಟ್‌ವುಡ್ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು. ಆ ಋತುವಿನ ಕೊನೆಯ ದಿನ, 2000ದ ಮೇ 14ರಂದು, ಲೀಗ್‌ನಲ್ಲಿ ಉಳಿಯುವ ಹೋರಾಟದಲ್ಲಿ ಬ್ರಾಡ್‌ಫರ್ಡ್‌ಗೆ ಲಿವರ್‌ಪೂಲ್ ಎದುರಾಗಿತ್ತು. ಫ್ರೀ ಕಿಕ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಗೋಲು ಹೊಡೆದವರು ಸ್ಟಾಪರ್, ಅಂದರೆ ರಕ್ಷಣೆಯ ನಟ್ಟನಡುವಿನ ಆಟಗಾರ, ಡೇವಿಡ್ ವೆದರಾಲ್. 1–0 ಗೆಲುವು, ಕ್ಲಬ್ ಉಳಿಯಿತು. ಬಡ ತಂಡವೊಂದರ ಇಡೀ ವರ್ಷದ ಹಣೆಬರಹ ಕೊನೆಗೆ ಒಂದು ಸೆಟ್ ಪೀಸ್ ಮೇಲೆ, ರಕ್ಷಣಾ ಆಟಗಾರನೊಬ್ಬನ ನೆತ್ತಿಯ ಮೇಲೆ ನಿಂತಿತ್ತು. ಇಂಥ ತಂಡದಲ್ಲಿದ್ದ ಯಾವ ಡಿಫೆಂಡರ್‌ಗೂ ಕಾರ್ನರ್, ಫ್ರೀ ಕಿಕ್‌ಗಳು ಪಂದ್ಯದ ನಡುವಿನ ವಿರಾಮವಾಗಿ ಕಾಣಲಾರವು.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. ಶೆಫೀಲ್ಡ್ ವೆಡ್‌ನೆಸ್‌ಡೆಯಲ್ಲಿ ಮೂರು ಋತು ಆಡಿದರು. ದೊಡ್ಡ ಹೆಸರಿನ ಆ ಕ್ಲಬ್ 2003ರಲ್ಲಿ ಮೂರನೇ ದರ್ಜೆಗೆ ಕುಸಿಯಿತು. ಆಮೇಲೆ ನಾರ್ಥಾಂಪ್ಟನ್ ಟೌನ್, ಚೆಸ್ಟರ್, ಸ್ವಿಂಡನ್, ಪೋರ್ಟ್ ವೇಲ್, ಕೊನೆಗೆ ವೃತ್ತಿಪರ ಲೀಗ್‌ನ ನಾಲ್ಕು ದರ್ಜೆಗಳ ಹೊರಗಿನ ತಂಡಗಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಇನ್ನೂ ಕೆಳಗೆ ಇಳಿದ ಹಾದಿ ಇದು. ಪತ್ರಿಕೆಗಳು ಇಂಥ ವೃತ್ತಿಜೀವನವನ್ನು ಸೋಲಿನ ಕಥೆಯಾಗಿ ಬರೆಯುವುದುಂಟು. ನಾನು ಹಾಗೆ ಓದುವುದಿಲ್ಲ. ಕೆಳದರ್ಜೆಯ ಲೀಗ್‌ನಲ್ಲಿ ವಾರಕ್ಕೆ ಎರಡು ಪಂದ್ಯ, ತೆಳ್ಳನೆಯ ತಂಡ, ಕೆಸರಿನ ಮೈದಾನ, ಮುಂದಿನ ವರ್ಷ ಒಪ್ಪಂದ ಸಿಗುವುದೋ ಇಲ್ಲವೋ ಎಂಬ ಆತಂಕ ಇವೆಲ್ಲ ದಿನನಿತ್ಯದ್ದು. ದೇಹವನ್ನು ಅಲ್ಲಿ ಆಟಗಾರನೇ ಕಾಯ್ದುಕೊಳ್ಳಬೇಕು. ಅದರ ಜೊತೆಗೆ ಸ್ಟಾಪರ್‌ಗೆ ಒಂದು ವಿಶೇಷ ಅನುಕೂಲವಿದೆ. ತೊಂಬತ್ತು ನಿಮಿಷವೂ ಇಡೀ ಆಟ ಅವನ ಕಣ್ಣೆದುರಿಗೇ ನಡೆಯುತ್ತದೆ. ಫಾರ್ವರ್ಡ್ ಆಟಗಾರ ಹೆಚ್ಚಿನ ಹೊತ್ತು ಗೋಲಿಗೆ ಬೆನ್ನು ಹಾಕಿ, ಚೆಂಡು ಯಾವಾಗ ಬಂದೀತು ಎಂದು ಕಾಯುತ್ತಾನೆ. ಸ್ಟಾಪರ್ ಹಿಂದೆ ನಿಂತು, ಎಡಬದಿಯವನು ಒಳಗೆ ಬಂದನೇ, ಮಿಡ್‌ಫೀಲ್ಡರ್ ತನ್ನ ಗುರುತಿನ ಎದುರಾಳಿಯನ್ನು ಬಿಟ್ಟನೇ ಎಂದು ನೋಡುತ್ತಾ, ಕೂಗಿ ಸರಿಪಡಿಸುತ್ತಾ ಇರುತ್ತಾನೆ. ಅಂದರೆ ಕೋಚ್‌ನ ಕೆಲಸದ ಅರ್ಧ ಭಾಗವನ್ನು ಅವನು ಆಡುವಾಗಲೇ ಮಾಡಿರುತ್ತಾನೆ.

ಆಟ ಮುಗಿಸುವ ಹೊತ್ತಿಗೆ ವೆಸ್ಟ್‌ವುಡ್ ತರಬೇತಿಯ ಕಡೆಗೆ ಹೊರಳಿದ್ದರು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲೇ ಬೆಳೆದ ಮೈಕೆಲ್ ಆ್ಯಪಲ್‌ಟನ್ ಅವರ ಜೊತೆ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ರೋವರ್ಸ್‌ಗಳಲ್ಲಿ ಸಹಾಯಕರಾಗಿ ದುಡಿದರು. ಈ ಮೂರೂ ಕ್ಲಬ್‌ಗಳ ಆಗಿನ ಸ್ಥಿತಿ ಗಮನಿಸಬೇಕಾದದ್ದು. ಪೋರ್ಟ್ಸ್‌ಮತ್ ಸಾಲದಲ್ಲಿ ಮುಳುಗಿ ನ್ಯಾಯಾಲಯ ನೇಮಿಸಿದವರ ಆಡಳಿತದಲ್ಲಿತ್ತು. ಬ್ಲ್ಯಾಕ್‌ಪೂಲ್‌ನಲ್ಲಿ ಆ್ಯಪಲ್‌ಟನ್ ಉಳಿದದ್ದು 65 ದಿನ, ಬ್ಲ್ಯಾಕ್‌ಬರ್ನ್‌ನಲ್ಲಿ 67 ದಿನ. ಭಾರತದ ಉದ್ಯಮ ಸಮೂಹವೊಂದರ ಕೈಯಲ್ಲಿದ್ದ ಬ್ಲ್ಯಾಕ್‌ಬರ್ನ್‌ನಿಂದ 2013ರ ಮಾರ್ಚ್‌ನಲ್ಲಿ ಹೊರಬಂದ ಗುಂಪಿನ ಸಹಾಯಕ ಕೋಚ್, ಅದೇ ವರ್ಷ ಜುಲೈನಲ್ಲಿ ಭಾರತದ ಇನ್ನೊಂದು ಉದ್ಯಮ ಸಮೂಹ ಹೊಸದಾಗಿ ಕಟ್ಟುತ್ತಿದ್ದ ಕ್ಲಬ್ಬಿಗೆ ಮುಖ್ಯ ಕೋಚ್ ಆಗಿ ಬಂದರು. ಆಗ ಅವರಿಗೆ 36 ವರ್ಷ. 

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬೆಂಗಳೂರು ಫುಟ್‌ಬಾಲ್ ಕ್ಲಬ್ (ಬಿಎಫ್‌ಸಿ) ಬಂದ ಮೇಲೆ ಈ ಊರು ಫುಟ್‌ಬಾಲ್ ನೋಡಲು ಕಲಿಯಿತು ಎಂಬ ಧಾಟಿಯ ಬರಹಗಳು ಚರಿತ್ರೆಗೆ ಅನ್ಯಾಯ ಮಾಡುತ್ತವೆ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದೆ, ಕೊನೆಯ ಎರಡು 1967–68 ಮತ್ತು 1968–69ರಲ್ಲಿ. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರಿನ ಐಟಿಐ ತಂಡ, ಅದೂ ಫೈನಲ್‌ನಲ್ಲಿ ಮೋಹನ್ ಬಾಗನ್ ತಂಡವನ್ನು ಸೋಲಿಸಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಆಟ ಎಂದೂ ನಿಂತಿರಲಿಲ್ಲ. ನಿಂತದ್ದು ಸಾರ್ವಜನಿಕ ಉದ್ದಿಮೆಗಳ ತಂಡಗಳ ಕಾಲ. ಎಚ್‌ಎಎಲ್ ಐ–ಲೀಗ್‌ನಿಂದ ಕೆಳಗಿಳಿದ ಮೇಲೆ ರಾಷ್ಟ್ರಮಟ್ಟದ ಮೊದಲ ಲೀಗ್‌ನಲ್ಲಿ ಊರಿಗೆ ತಂಡವೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಬಿಎಫ್‌ಸಿ ಬಂತು. ಜುಲೈನಲ್ಲಿ ಕ್ಲಬ್ ಉದ್ಘಾಟನೆ, ಸೆಪ್ಟೆಂಬರ್ 22ಕ್ಕೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ಮೊದಲ ಐ–ಲೀಗ್ ಪಂದ್ಯ. ನಡುವೆ ಸಿಕ್ಕಿದ್ದು ಎರಡು ತಿಂಗಳು. ಆಸ್ಟ್ರೇಲಿಯಾದ ಶಾನ್ ರೂನಿ ಗೋಲು ಹೊಡೆದ ಆ ಪಂದ್ಯ 1–1ರಿಂದ ಡ್ರಾ ಆಯಿತು.

ನನ್ನ ವಾದದ ಮುಖ್ಯ ಸಾಕ್ಷ್ಯ ಆ ತಂಡದ ವಿದೇಶಿ ಆಟಗಾರರ ಪಟ್ಟಿ. ಆಗಿನ ನಿಯಮದಂತೆ ಕ್ಲಬ್ಬಿಗೆ ನಾಲ್ವರು ವಿದೇಶಿಯರಿಗೆ ಅವಕಾಶ, ಅವರಲ್ಲಿ ಒಬ್ಬ ಏಷ್ಯಾ ಒಕ್ಕೂಟದ ದೇಶದವನು. ವೆಸ್ಟ್‌ವುಡ್ ಆರಿಸಿದ್ದು ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ, ಲೈಬೀರಿಯಾದ ಜಾನಿ ಮೆನ್ಯಾಂಗರ್ ಮತ್ತು ಏಷ್ಯಾ ಕೋಟಾದಲ್ಲಿ ರೂನಿ. ಮೊದಲ ಇಬ್ಬರೂ ಸ್ಟಾಪರ್‌ಗಳು. ಜಾನ್ಸನ್ ಬಂದದ್ದು ನಾರ್ಥಾಂಪ್ಟನ್ ಟೌನ್‌ನಿಂದ, ಅಂದರೆ ವೆಸ್ಟ್‌ವುಡ್ ಸ್ವತಃ ಕೆಲವು ವರ್ಷ ಹಿಂದೆ ಆಡಿದ್ದ ಕ್ಲಬ್‌ನಿಂದ. ಒಸಾನೊ ಕೂಡ ಇಂಗ್ಲೆಂಡಿನ ಕೆಳದರ್ಜೆಯ ಲೀಗ್‌ಗಳಲ್ಲಿ, ಲ್ಯೂಟನ್ ಟೌನ್‌ನಂಥ ತಂಡಗಳಲ್ಲಿ ಪಳಗಿದವರು. ಈ ಇಬ್ಬರಿಗೂ ಇಲ್ಲಿ ಹೆಸರಿರಲಿಲ್ಲ. ಕೋಚ್‌ಗೆ ಮಾತ್ರ ಈ ಜಾತಿಯ ಆಟಗಾರ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವರೂ ಅದೇ ಜಾತಿಯವರು.

ಈ ಆಯ್ಕೆಯ ತೂಕ ತಿಳಿಯಬೇಕಾದರೆ ಅಂದಿನ ಐ–ಲೀಗ್‌ನ ವಾಡಿಕೆ ನೆನಪಿಸಿಕೊಳ್ಳಬೇಕು. 2007–08ರಲ್ಲಿ ಐ–ಲೀಗ್ ಶುರುವಾದಂದಿನಿಂದ 2012–13ರವರೆಗಿನ ಆರು ಋತುಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಇಬ್ಬರೇ: ಮೊದಲ ಮೂರು ವರ್ಷ ಒಡಾಫಾ ಒಕೊಲಿ, ಮುಂದಿನ ಮೂರು ವರ್ಷ ರ‍್ಯಾಂಟಿ ಮಾರ್ಟಿನ್ಸ್. ಇಬ್ಬರೂ ನೈಜೀರಿಯಾದ ಸ್ಟ್ರೈಕರ್‌ಗಳು. ಕ್ಲಬ್‌ಗಳ ದೊಡ್ಡ ಹಣ ಹೋಗುತ್ತಿದ್ದದ್ದು ಮುಂಚೂಣಿಯ ವಿದೇಶಿಯನಿಗೆ. ಭಾರತದ ಫಾರ್ವರ್ಡ್ ಆಟಗಾರರು ಅಂಚಿಗೆ ಸರಿಯುತ್ತಿದ್ದರು, ಇಲ್ಲವೇ ಬೆಂಚಿನಲ್ಲಿ ಕೂರುತ್ತಿದ್ದರು. ವಿದೇಶಿ ಸ್ಟಾಪರ್ ಒಬ್ಬ ಹಲವು ತಂಡಗಳಲ್ಲಿದ್ದ, ನಿಜ. ನಾಲ್ಕು ಜಾಗಗಳಲ್ಲಿ ಎರಡನ್ನು ರಕ್ಷಣೆಯ ನಟ್ಟನಡುವಿಗೆ ಮೀಸಲಿಟ್ಟದ್ದು ಬೇರೆಯೇ ಲೆಕ್ಕಾಚಾರ. ಅದರ ಫಲ ಕಂಡದ್ದು ಮೈದಾನದ ಇನ್ನೊಂದು ತುದಿಯಲ್ಲಿ. ಹಿಂದೆ ಭದ್ರವಾದ್ದರಿಂದ ಮುಂದೆ ಚೆಟ್ರಿ, ರಾಬಿನ್ ಸಿಂಗ್ ಅವರಿಗೆ ಜಾಗ ಸಿಕ್ಕಿತು. 2013–14ರ ಆ ಮೊದಲ ಋತುವಿನಲ್ಲಿ ಚೆಟ್ರಿ 14 ಗೋಲು ಹೊಡೆದು, ಡ್ಯಾರಿಲ್ ಡಫಿ ಮತ್ತು ಕಾರ್ನೆಲ್ ಗ್ಲೆನ್ ಜೊತೆ ಲೀಗ್‌ನ ಅಗ್ರ ಗೋಲು ಸಾಧಕರ ಸ್ಥಾನ ಹಂಚಿಕೊಂಡರು. ಲೀಗ್ ಶುರುವಾದ ಮೇಲೆ ಭಾರತೀಯನೊಬ್ಬ ಆ ಸ್ಥಾನ ಮುಟ್ಟಿದ್ದು ಅದೇ ಮೊದಲು. ಚೆಟ್ರಿ ಇದ್ದುದರಿಂದ ಬೆಂಗಳೂರು ಗೆದ್ದಿತು ಎನ್ನುವವರು ಈ ಹಿಂದಿನ ಕೊಂಡಿಯನ್ನೂ ನೋಡಬೇಕು. ಚೆಟ್ರಿಗೆ ತಂಡದ ಮುಖ್ಯ ಸ್ಟ್ರೈಕರ್ ಆಗುವ ಅವಕಾಶ ಉಳಿದದ್ದು ಒಬ್ಬ ಮಾಜಿ ಸ್ಟಾಪರ್ ತನ್ನ ಕೋಟಾವನ್ನು ಹಿಂದೆ ಖರ್ಚು ಮಾಡಿದ್ದರಿಂದ.

ಎರಡನೆಯ ಸಾಕ್ಷ್ಯ ದೇಹದಾರ್ಢ್ಯ. ಜಿಪಿಎಸ್ ಅಳವಡಿಸಿದ ಬನಿಯನ್ ತೊಟ್ಟು ಓಡುವುದು, ಕೊಬ್ಬಿನ ಪ್ರಮಾಣ ಅಳೆಯುವುದು, ಊಟದ ಮೇಲೆ ನಿಗಾ, ಎದುರಾಳಿಯ ಪಂದ್ಯದ ವಿಡಿಯೊ ಕೂತು ನೋಡುವುದು ಇವೆಲ್ಲ ಇಂಗ್ಲೆಂಡಿನ ಎರಡನೇ ದರ್ಜೆಯ ಕ್ಲಬ್‌ಗಳಲ್ಲಿ ಆಗಲೇ ದಿನಚರಿ. ಬೆಂಗಳೂರಿನಲ್ಲಿ ಅದೇ ಸುದ್ದಿಯಾಯಿತು. ಆಟಗಾರರು ಎಣ್ಣೆ, ಸಿಹಿ ಬಿಟ್ಟದ್ದನ್ನು ಪತ್ರಿಕೆಗಳು ಕುತೂಹಲದಿಂದ ಬರೆದವು. ಇದನ್ನು ವಿದೇಶಿ ಶೋಕಿ ಎಂದವರೂ ಇದ್ದರು. ಆದರೆ ಕೃತಕ ಹುಲ್ಲಿನ ಮೈದಾನದಲ್ಲಿ ತವರಿನ ಪಂದ್ಯ ಆಡಿ, ಕೆಲವೇ ದಿನಗಳಲ್ಲಿ ಗೋವಾಕ್ಕೋ ಶಿಲ್ಲಾಂಗ್‌ಗೋ ಹಾರಿ, ಮತ್ತೆ ಆಡಬೇಕಾದ ಲೀಗ್‌ನಲ್ಲಿ ಎಪ್ಪತ್ತನೇ ನಿಮಿಷದ ನಂತರ ಯಾರ ಕಾಲು ಓಡುತ್ತದೆ ಎಂಬುದು ಅಂಕಪಟ್ಟಿಯನ್ನೇ ತೀರ್ಮಾನಿಸುತ್ತದೆ. ಕೆಳದರ್ಜೆಯ ಲೀಗ್‌ಗಳಲ್ಲಿ ಮೂವತ್ತು ದಾಟಿದ ಮೇಲೂ ಆಡಿದ ಮನುಷ್ಯನಿಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯವಿರಲಿಲ್ಲ.

2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ, ಇನ್ನೂ ಪಂದ್ಯ ಬಾಕಿ ಇರುವಾಗಲೇ ಬೆಂಗಳೂರು ಲೀಗ್ ಗೆದ್ದಿತು. 24 ಪಂದ್ಯಗಳಿಂದ 47 ಅಂಕ. ಹುಟ್ಟಿದ ವರ್ಷವೇ ಐ–ಲೀಗ್ ಗೆದ್ದ ಮೊದಲ ಕ್ಲಬ್. ಆ 4–2ನ್ನು ಗಮನಿಸಿ: ಎರಡು ಬಿಟ್ಟುಕೊಟ್ಟು ನಾಲ್ಕು ಹೊಡೆದ ತಂಡವಿದು. ಡಿಫೆಂಡರ್ ಕೋಚ್ ಆದರೆ ತಂಡ ಗೋಲು ಕಾಯುತ್ತಾ ಕೂರುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ವೆಸ್ಟ್‌ವುಡ್ ಅವರ ಡಿಫೆಂಡರ್‌ತನ ಕಂಡದ್ದು ತಂಡ ಕಟ್ಟುವುದರಲ್ಲಿ. ಆಟ ಮುನ್ನುಗ್ಗಿಯೇ ಇತ್ತು.

ಮುಂದಿನ ಋತು ಇನ್ನೂ ಹೆಚ್ಚು ಪಾಠ ಹೇಳುತ್ತದೆ. 2015ರ ಜನವರಿ 11ರಂದು ಬೆಂಗಳೂರು ಡೆಂಪೊ ವಿರುದ್ಧವೇ 2–1ರಿಂದ ಫೆಡರೇಷನ್ ಕಪ್ ಗೆದ್ದಿತ್ತು. ಅಷ್ಟರಲ್ಲಿ ತವರು ಅಶೋಕನಗರದಿಂದ ಕಂಠೀರವ ಕ್ರೀಡಾಂಗಣಕ್ಕೆ ಬದಲಾಗಿತ್ತು. ಪಶ್ಚಿಮದ ಮೆಟ್ಟಿಲುಗಳನ್ನು ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ತಮ್ಮದಾಗಿಸಿಕೊಂಡಿದ್ದರು. ಲೀಗ್ ಕೊನೆಯ ದಿನದವರೆಗೂ ಎಳೆಯಿತು. ಮೇ 31ರಂದು ಕಂಠೀರವಕ್ಕೆ ಬಂದದ್ದು ಎರಡು ಅಂಕ ಮುಂದಿದ್ದ ಮೋಹನ್ ಬಾಗನ್. ಅವರಿಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. 41ನೇ ನಿಮಿಷದಲ್ಲಿ ಬೆಂಗಳೂರಿಗೆ ಮುನ್ನಡೆ ಕೊಟ್ಟವರು ಜಾನ್ಸನ್. ಅಲ್ಲಿಂದ ಮುಂದೆ ನಲವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಪ್ರಶಸ್ತಿ ಬೆಂಗಳೂರಿನ ಕೈಯಲ್ಲೇ ಇತ್ತು. 87ನೇ ನಿಮಿಷದಲ್ಲಿ ಬಾಗನ್‌ಗೆ ಕಾರ್ನರ್ ಸಿಕ್ಕಿತು. ಹೈಟಿಯ ಸೋನಿ ನಾರ್ಡೆ ಚೆಂಡನ್ನು ಗೋಲಿನ ಮುಂದಿನ ಗುಂಪಿನೊಳಕ್ಕೆ ಬಾಗಿಸಿದರು. ಗುಂಪಿನಿಂದ ಮೇಲೆದ್ದು ತಲೆ ಕೊಟ್ಟವರು ನೈಜೀರಿಯಾದ ಬೆಲೊ ರಜಾಕ್. 1–1. ಬಾಗನ್ 39 ಅಂಕ, ಬೆಂಗಳೂರು 37.

ಜಾನ್ಸನ್ ಸ್ಟಾಪರ್, ಬೆಲೊ ಕೂಡ ಸ್ಟಾಪರ್. ರಾಷ್ಟ್ರೀಯ ಲೀಗ್‌ನ ತೀರ್ಮಾನದ ಪಂದ್ಯದಲ್ಲಿ ಚೆಟ್ರಿಯಿಂದಾಗಲಿ, ಬಾಗನ್‌ನ ಸ್ಟ್ರೈಕರ್‌ಗಳಿಂದಾಗಲಿ ಗೋಲು ಬರಲಿಲ್ಲ. ಎರಡೂ ಗೋಲು ಹಿಂದಿನಿಂದ ಮುಂದೆ ಓಡಿ ಬಂದ ದೊಡ್ಡ ಮೈಕಟ್ಟಿನ ಡಿಫೆಂಡರ್‌ಗಳವು. ವೆಸ್ಟ್‌ವುಡ್ ಅವರ ವಿಧಾನದ ಬಲವೂ ಮಿತಿಯೂ ಈ ಒಂದೇ ಪಂದ್ಯದಲ್ಲಿ ಕಾಣುತ್ತವೆ ಎಂದು ನನಗನಿಸುತ್ತದೆ. ಕಾರ್ನರ್ ವೇಳೆ ಎದುರಾಳಿಯ ಅತಿ ಎತ್ತರದ ಆಟಗಾರನಿಗೆ ಓಡಿ ಜಿಗಿಯಲು ಮೂರು ಹೆಜ್ಜೆ ಜಾಗ ಬಿಟ್ಟರೆ, ನಿಂತಲ್ಲಿಂದ ಜಿಗಿಯುವವನು ಎಷ್ಟೇ ಗಟ್ಟಿಗನಾದರೂ ಸೋಲುತ್ತಾನೆ. ಇದು ಪ್ರತಿ ಸ್ಟಾಪರ್‌ಗೂ ಗೊತ್ತಿರುವ ಸತ್ಯ. ಗೊತ್ತಿದ್ದೂ ತಡೆಯಲಾಗದ ಕ್ಷಣಗಳಿರುತ್ತವೆ. ತೊಂಬತ್ತು ನಿಮಿಷದಲ್ಲಿ ಎಂಬತ್ತಾರು ನಿಮಿಷ ಸರಿಯಾಗಿ ಆಡಿದ ರಕ್ಷಣಾ ವಿಭಾಗವನ್ನು ಯಾರೂ ನೆನಪಿಡುವುದಿಲ್ಲ, ಆ ಒಂದು ಕಾರ್ನರ್ ಮಾತ್ರ ಉಳಿಯುತ್ತದೆ. ಈ ಅನ್ಯಾಯ ಡಿಫೆಂಡರ್‌ಗಳ ಪಾಲಿಗೆ ಹಳೆಯದು. ಆ ದಿನ ಅದು ಅವರ ಕೋಚ್‌ನ ಪಾಲಿಗೂ ಬಂತು.

2015–16ರಲ್ಲಿ ಪ್ರಶಸ್ತಿ ಮರಳಿತು. ಏಪ್ರಿಲ್ 17ರಂದು ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2–0 ಗೆಲುವು ಲೀಗ್ ಖಚಿತಪಡಿಸಿತು. ಈ ಮೂರು ವರ್ಷದಲ್ಲಿ ಬೆಳೆದ ಭಾರತೀಯ ಆಟಗಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶಿಲ್ಲಾಂಗ್‌ನ ಯೂಜೀನ್‌ಸನ್ ಲಿಂಗ್ಡೊ ಬೆಂಗಳೂರಿಗೆ ಬಂದ ಮರುವರ್ಷವೇ, 2015ರಲ್ಲಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ವರ್ಷದ ಆಟಗಾರರಾದರು. ಟಾಟಾ ಅಕಾಡೆಮಿಯಿಂದ ಬಂದ ಹುಡುಗ ಉದಾಂತ ಸಿಂಗ್ ಮುಂದೆ ರಾಷ್ಟ್ರೀಯ ತಂಡದ ಕಾಯಂ ಆಟಗಾರರಾದರು. 2016ರ ಮೇ ಕೊನೆಯಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ನಾಕೌಟ್ ಪಂದ್ಯಕ್ಕೆ ಹಾಂಗ್‌ಕಾಂಗ್‌ಗೆ ಹೋದ ಬೆಂಗಳೂರು, ಅಲ್ಲಿನ ಬಲಿಷ್ಠ ಕ್ಲಬ್ ಕಿಚಿಯನ್ನು 3–2ರಿಂದ ಸೋಲಿಸಿ ಎಂಟರ ಘಟ್ಟ ತಲುಪಿತು. ಇದಾದ ಬೆನ್ನಿಗೆ ವೆಸ್ಟ್‌ವುಡ್ ಕ್ಲಬ್ ಬಿಟ್ಟರು. ಅವರ ಜಾಗಕ್ಕೆ ಬಂದ ಸ್ಪೇನ್‌ನ ಆಲ್ಬರ್ಟ್ ರೋಕಾ ತಂಡವನ್ನು ನವೆಂಬರ್‌ನಲ್ಲಿ ದೋಹಾದ ಫೈನಲ್‌ವರೆಗೆ ಕೊಂಡೊಯ್ದರು. ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎಂಬ ಕೀರ್ತಿ ರೋಕಾ ಅವರ ಕಾಲದ್ದು ಎಂದು ಬರೆಯುವುದು ಸರಿಯೇ. ಆದರೆ ಆ ಹಾದಿಯ ಮೊದಲರ್ಧ ನಡೆದದ್ದು ಹಿಂದಿನ ಕೋಚ್‌ ಕೈಯಲ್ಲಿ. ಇದನ್ನು ಜೊತೆಗೆ ಬರೆಯದಿದ್ದರೆ ದಾಖಲೆ ಅಪೂರ್ಣ.

ಬೆಂಗಳೂರಿನ ನಂತರದ ವರ್ಷಗಳು ಸರಳವಾಗಿಲ್ಲ. 2017ರಲ್ಲಿ ಮಲೇಷ್ಯಾದ ಪೆನಾಂಗ್ ತಂಡದಲ್ಲಿ ಅವರು ಹೆಚ್ಚು ಕಾಲ ಉಳಿಯಲಿಲ್ಲ. 2017–18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಕೋಲ್ಕತ್ತಾದ ಎಟಿಕೆ ತಂಡದ ತಾಂತ್ರಿಕ ನಿರ್ದೇಶಕರಾಗಿದ್ದವರು, ಜನವರಿಯಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ನಿರ್ಗಮಿಸಿದಾಗ ತಂಡದ ಹೊಣೆ ಹೊತ್ತರು. ಕುಸಿಯುತ್ತಿದ್ದ ತಂಡವನ್ನು ಅವರಿಂದ ಎತ್ತಲಾಗಲಿಲ್ಲ. ಋತು ಮುಗಿಯುವ ಮೊದಲೇ ಹೊಣೆ ರಾಬಿ ಕೀನ್ ಕೈಗೆ ಹೋಯಿತು. ಆಮೇಲೆ ಐ–ಲೀಗ್‌ನಲ್ಲಿ ರೌಂಡ್‌ಗ್ಲಾಸ್ ಪಂಜಾಬ್. ಈ ಮೂರನ್ನೂ ಬೆಂಗಳೂರಿನ ಪಕ್ಕ ಇಟ್ಟು ನೋಡಿದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು: ವೆಸ್ಟ್‌ವುಡ್ ಬುನಾದಿಯಿಂದ ಕಟ್ಟುವ ಕೋಚ್. ಋತುವಿನ ನಡುವೆ ಕೈಗೆ ಬಂದ, ಬೇರೆಯವರು ಆರಿಸಿದ ತಂಡವನ್ನು ಸರಿಪಡಿಸುವುದು ಅವರ ಬಲವಲ್ಲ. ಬೆಂಗಳೂರಿನಲ್ಲಿ ಅವರಿಗೆ ಖಾಲಿ ನಿವೇಶನವೇ ಸಿಕ್ಕಿತ್ತು.

ಆದರೆ 2023ರ ನವೆಂಬರ್‌ನಲ್ಲಿ ಅವರು ಒಪ್ಪಿಕೊಂಡ ಕೆಲಸ ಈ ತೀರ್ಮಾನವನ್ನು ಮತ್ತೆ ಯೋಚಿಸುವಂತೆ ಮಾಡುತ್ತದೆ. ಅಫ್ಗಾನಿಸ್ತಾನದ ರಾಷ್ಟ್ರೀಯ ತಂಡಕ್ಕೆ ತವರಿನಲ್ಲಿ ಆಡುವ ಅವಕಾಶವಿರಲಿಲ್ಲ. ‘ತವರಿನ’ ಪಂದ್ಯಗಳು ಸೌದಿ ಅರೇಬಿಯಾದಲ್ಲಿ ನಡೆಯುತ್ತಿದ್ದವು. ದೇಶದ ಫುಟ್‌ಬಾಲ್ ಸಂಸ್ಥೆಯ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ ಹಲವು ಪ್ರಮುಖ ಆಟಗಾರರು ತಂಡದಿಂದ ಹೊರಗುಳಿದಿದ್ದರು. ವಿಶ್ವಕಪ್ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ಕತಾರ್ ವಿರುದ್ಧ 8–1 ಸೋಲು, ಎರಡನೆಯದರಲ್ಲಿ ಕುವೈತ್ ವಿರುದ್ಧ 4–0 ಸೋಲು. ಎರಡು ಪಂದ್ಯದಲ್ಲಿ ಹನ್ನೆರಡು ಗೋಲು ತಿಂದ ತಂಡ 2024ರ ಮಾರ್ಚ್‌ನಲ್ಲಿ ಅಭಾದಲ್ಲಿ ಭಾರತವನ್ನು 0–0ಗೆ ಹಿಡಿದು ನಿಲ್ಲಿಸಿತು. ಮಾರ್ಚ್ 26ರಂದು ಗುವಾಹಟಿಯಲ್ಲಿ ಚೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು. ಪೆನಾಲ್ಟಿಯಿಂದ ಮೊದಲ ಗೋಲು ಅವರದ್ದೇ. 70ನೇ ನಿಮಿಷದಲ್ಲಿ ರಹ್ಮತ್ ಅಕ್ಬರಿ ಸಮ ಮಾಡಿದರು, 88ರಲ್ಲಿ ಶರೀಫ್ ಮುಖಮ್ಮದ್ ಪೆನಾಲ್ಟಿ ಗೋಲಾಯಿತು. ಭಾರತ 1, ಅಫ್ಗಾನಿಸ್ತಾನ 2. ಜೂನ್ 6ರಂದು ಅದೇ ತಂಡ ಅದೇ ಕತಾರ್ ವಿರುದ್ಧ 0–0 ಡ್ರಾ ಸಾಧಿಸಿತು. ಕತಾರ್ ಅಷ್ಟು ಹೊತ್ತಿಗೆ ಮುಂದಿನ ಸುತ್ತು ತಲುಪಿಯಾಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಎಂಟರಿಂದ ಸೊನ್ನೆಗೆ ಏಳು ತಿಂಗಳಲ್ಲಿ ಇಳಿದದ್ದು ಸಣ್ಣ ಕೆಲಸವಲ್ಲ. ತನ್ನ ಆಯ್ಕೆಯ ಆಟಗಾರರೇ ಸಿಗದ ಜಾಗದಲ್ಲಿ ಅವರು ಹಿಂದಿನ ಸಾಲನ್ನು ಮೊದಲು ಸರಿಮಾಡಿದರು, ಗೋಲು ಆಮೇಲೆ ಬಂತು.

2024ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್ ರಾಷ್ಟ್ರೀಯ ತಂಡದ ಕೋಚ್ ಆದರು. ಎಂಟು ವರ್ಷ ಹಿಂದೆ ಬೆಂಗಳೂರಿನೊಂದಿಗೆ ಕಿಚಿಯನ್ನು ಸೋಲಿಸಿದ್ದು ಇದೇ ಊರಿನಲ್ಲಿ. 2025ರ ಜೂನ್ 10ರಂದು ಹೊಸ ಕೈ ಟಾಕ್ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಭಾರತ ಮತ್ತೆ ಎದುರಾಯಿತು. ಇಂಜುರಿ ಟೈಮ್‌ನಲ್ಲಿ ಸ್ಟೀಫನ್ ಪೆರೇರಾ ಪೆನಾಲ್ಟಿಯಿಂದ ಹೊಡೆದ ಗೋಲಿಗೆ ಭಾರತ 1–0ರಿಂದ ಸೋತಿತು. ಹದಿನೈದು ತಿಂಗಳಲ್ಲಿ ಎರಡು ಬೇರೆ ದೇಶಗಳ ಪರವಾಗಿ ಒಬ್ಬನೇ ಕೋಚ್ ಭಾರತವನ್ನು ಸೋಲಿಸಿದ್ದು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಭಾರತದ ಆಟಗಾರ ಯಾವ ಹೊತ್ತಿನಲ್ಲಿ ದಣಿಯುತ್ತಾನೆ, ಯಾವ ಬದಿಯಲ್ಲಿ ಜಾಗ ಬಿಡುತ್ತಾನೆ ಎಂಬುದನ್ನು ಅವರು ಇಲ್ಲಿಯೇ ಕಲಿತವರು. ಹಾಗೆಂದು ಹಾಂಗ್‌ಕಾಂಗ್ ಅಧ್ಯಾಯ ಗೆಲುವಿನ ಕಥೆಯಾಗಲಿಲ್ಲ. ಆ ಅಕ್ಟೋಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ವಿರುದ್ಧ 4–3ರಿಂದ ಗೆದ್ದರೂ, ರಕ್ಷಣೆ ಮೂರು ಸಲ ಮುರಿಯಿತು. ನವೆಂಬರ್ 18ರಂದು ತವರಿನಲ್ಲಿ ಸಿಂಗಪುರದ ವಿರುದ್ಧ 2–1 ಸೋಲು ಬಂದು, ಏಷ್ಯಾ ಕಪ್ ಟಿಕೆಟ್ ಸಿಂಗಪುರಕ್ಕೆ ಹೋಯಿತು.

ಡಿಫೆಂಡರ್ ಕೋಚ್ ಆಗುವುದು ಭಾರತದಲ್ಲೂ ಹಳೆಯ ಪರಂಪರೆ. 1970ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ತಂಡದ ನಾಯಕ, ಹೈದರಾಬಾದಿನ ಸೈಯದ್ ನಯೀಮುದ್ದೀನ್ ಅರ್ಜುನ ಪ್ರಶಸ್ತಿಯನ್ನೂ ದ್ರೋಣಾಚಾರ್ಯ ಪ್ರಶಸ್ತಿಯನ್ನೂ ಪಡೆದವರು. ಇನ್ನೊಬ್ಬ ಡಿಫೆಂಡರ್ ಜರ್ನೈಲ್ ಸಿಂಗ್ ಪಂಜಾಬ್ ತಂಡಕ್ಕೆ ತರಬೇತಿ ಕೊಟ್ಟರು. ಇವರಿಬ್ಬರ ಬಲ ಮುಖ್ಯವಾಗಿ ಶಿಸ್ತು, ನಿಷ್ಠುರತೆ ಮತ್ತು ಆಟಗಾರನಾಗಿ ಗಳಿಸಿದ ದೊಡ್ಡ ಹೆಸರು. ವೆಸ್ಟ್‌ವುಡ್ ಅವರಿಗೆ ಆ ಹೆಸರು ಇರಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಚೆಟ್ರಿ ಅವರಿಗಿಂತ ದೊಡ್ಡ ಹೆಸರು. ಅವರಿಗೆ ಇದ್ದದ್ದು ವಿಧಾನ ಮಾತ್ರ. ಅದು ಊರಿನಲ್ಲಿ ಉಳಿಯಿತು ಎನ್ನಲೂ ಒಂದು ಕಾರಣವಿದೆ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ಬೆಂಗಳೂರು ತನ್ನ ಮೊದಲ ಐಎಸ್‌ಎಲ್ ಗೆದ್ದಾಗ ಕೋಚ್ ಕಾರ್ಲೆಸ್ ಕ್ವಾಡ್ರಾಟ್, ಬಾರ್ಸಿಲೋನಾದ ಕಿರಿಯರ ತಂಡದಲ್ಲಿ ಡಿಫೆಂಡರ್ ಆಗಿ ಬೆಳೆದವರು. ಗೋವಾ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯಲ್ಲಿ ಬಂದ ಏಕೈಕ ಗೋಲು ಕಾರ್ನರ್‌ನಿಂದ, ಡಿಫೆಂಡರ್ ರಾಹುಲ್ ಭೆಕೆ ತಲೆಯಿಂದ.

ಇಷ್ಟೆಲ್ಲ ಬರೆಯಲು ಆಧಾರವಾದದ್ದು ಅಂಕಪಟ್ಟಿ, ತಂಡದ ಪಟ್ಟಿ, ಪಂದ್ಯದ ವರದಿಗಳು. ಕೋಚ್ ಒಬ್ಬನ ನಿಜವಾದ ಕೆಲಸ ನಡೆಯುವುದು ಬೆಳಗಿನ ಅಭ್ಯಾಸದಲ್ಲಿ, ಅದರ ದಾಖಲೆ ಇರುವುದು ಅಲ್ಲಿ ನಿಂತು ನೋಡಿದವರ ಕೈಯಲ್ಲಿ. 2013ರಿಂದ 2016ರ ನಡುವೆ ಅಶೋಕನಗರ ಮತ್ತು ಕಂಠೀರವದಲ್ಲಿ ಅಭ್ಯಾಸ ನೋಡಿದವರು, ಮೈದಾನದಲ್ಲಿ ದುಡಿದವರು, ಪಂದ್ಯದ ಟಿಕೆಟ್, ತಂಡದ ಹಾಳೆ, ಮೊಬೈಲ್‌ನಲ್ಲಿ ಹಿಡಿದ ದೃಶ್ಯಗಳನ್ನು ಇಟ್ಟುಕೊಂಡವರು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ. ದಯವಿಟ್ಟು ಅವನ್ನು ಅಳಿಸಬೇಡಿ, ರದ್ದಿಗೆ ಹಾಕಬೇಡಿ. ದಿನಾಂಕ ಬರೆದು, ಹತ್ತಿರದ ಗ್ರಂಥಾಲಯಕ್ಕೋ ಕ್ರೀಡಾ ಇತಿಹಾಸ ಬರೆಯುವವರಿಗೋ ಒಂದು ಪ್ರತಿ ಕೊಡಿ.